ಹೆಡರ್ ಕ್ಯಾಶ್ ಕೆಟ್ಟರೆ ಮೇಲ್ ಆ್ಯಪ್ ಏನು ಮಾಡಬೇಕು?

ಪ್ರಶ್ನೆ: ಮೇಡಂ, ನಾನೊಂದು ಚಿಕ್ಕ ಐಮ್ಯಾಪ್ (ಪತ್ರಗಳನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ) ಮೇಲ್ ಆ್ಯಪ್ ಬರೆಯುತ್ತಿದ್ದೇನೆ. ಮೊನ್ನೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯ್ತು. ಆಮೇಲೆ ಆ್ಯಪ್ ತೆರೆದ ತಕ್ಷಣ ಕ್ರ್ಯಾಶ್ ಆಗುತ್ತಿತ್ತು. ಇನ್‌ಬಾಕ್ಸ್‌ನ ಹೆಡರ್ ಕ್ಯಾಶ್ ಫೈಲ್ (ಪತ್ರಗಳ ವಿಷಯ, ಕಳಿಸಿದವರ ಹೆಸರು ಇಂಥವನ್ನು ಸರ್ವರ್‌ನಿಂದ ತಂದು ಇಟ್ಟುಕೊಂಡ ನಕಲು) ಅರ್ಧ ಮಾತ್ರ ಬರೆದಿತ್ತು. ಅದನ್ನು ಡಿಲೀಟ್ ಮಾಡಿದೆ, ಸರಿಹೋಯ್ತು. ಬಳಸುವವರಿಗೂ ಹೀಗೇ ಮಾಡಿ ಅಂದರೆ ಸಾಕಾ?

ಉತ್ತರ: ಸಾಲದು. ಅದು ಆ್ಯಪ್ ಮಾಡಬೇಕಾದ ಕೆಲಸ. ಸರ್ವರ್‌ನಲ್ಲಿ ಯುಐಡಿವ್ಯಾಲಿಡಿಟಿ (ಪತ್ರಗಳ ಹಳೆಯ ಗುರುತು ಸಂಖ್ಯೆಗಳು ಇನ್ನೂ ನಡೆಯುತ್ತವೆಯೇ ಅಂತ ತಿಳಿಸುವ ಸಂಖ್ಯೆ) ಬದಲಾದರೆ ಹಳೆಯ ಕ್ಯಾಶ್ ಬಿಟ್ಟು ಹೊಸದಾಗಿ ತರಬೇಕು, ಇದು ಐಮ್ಯಾಪ್‌ನ ನಿಯಮ. ಅಂದರೆ ಆ ದಾರಿ ನಿಮ್ಮ ಕೋಡ್‌ನಲ್ಲಿ ಹೇಗೂ ಇರಲೇಬೇಕು. ಕೆಟ್ಟ ಫೈಲನ್ನೂ ಅದೇ ದಾರಿಗೆ ಕಳಿಸಿ.

ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ? ಫೈಲಿನ ಮೊದಲಲ್ಲಿ ಆವೃತ್ತಿ ಸಂಖ್ಯೆ, ಉದ್ದ, ಚೆಕ್‌ಸಮ್ (ಒಳಗಿನ ಬೈಟ್‌ಗಳಿಂದ ಲೆಕ್ಕ ಹಾಕಿದ, ತಾಳೆ ನೋಡುವ ಸಂಖ್ಯೆ) ಇಡಿ. ಫೈಲ್ ಹೇಳಿದ ಉದ್ದವನ್ನು ಸುಮ್ನೆ ನಂಬಬೇಡಿ. ಉದ್ದದ ನಾಲ್ಕೂ ಬೈಟ್ ಎಫ್‌ಎಫ್ (ಒಂದು ಬೈಟ್‌ನ ಗರಿಷ್ಠ ಬೆಲೆ) ಆಗಿದ್ದರೆ ಅದು 4,29,49,67,295. ನಿಮ್ಮ ಕೋಡ್ ಒಂದು ಇನ್‌ಬಾಕ್ಸ್ ಪಟ್ಟಿಗೆ ನಾಲ್ಕು ಜಿಬಿ ಮೆಮೊರಿ ಕೇಳುತ್ತದೆ! ಮೊದಲು ಫೈಲಿನ ನಿಜವಾದ ಗಾತ್ರಕ್ಕೆ ಹೋಲಿಸಿ.

ಬರೆಯುವಾಗ ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ನಿಜವಾಗಿ ಡಿಸ್ಕ್ ಸೇರುವಂತೆ ಮಾಡುವ ಆದೇಶ), ಆಮೇಲೆ ಅದನ್ನು ಹಳೆಯ ಫೈಲಿನ ಹೆಸರಿಗೆ ಬದಲಿಸಿ. ಆಗ ಕರೆಂಟ್ ಹೋದರೂ ಹಳೆಯದು ಇಲ್ಲವೇ ಹೊಸದು ಪೂರ್ತಿಯಾಗಿ ಉಳಿದಿರುತ್ತದೆ.

ಪ್ರಶ್ನೆ: ಹಾಗಾದರೆ ಓದಲು ಆಗದಿದ್ದರೆ ಆ್ಯಪೇ ಅಳಿಸಲಿ ಅಲ್ವಾ? ಡ್ರಾಫ್ಟ್‌ಗಳೂ ಅದೇ ಫೈಲಿನಲ್ಲಿವೆ.

ಉತ್ತರ: ಅಯ್ಯೋ, ಬೇಡ! ಮೊದಲು ಡ್ರಾಫ್ಟ್‌ಗಳನ್ನು ಅಲ್ಲಿಂದ ತೆಗೆಯಿರಿ. ಸರ್ವರ್‌ಗೆ ಇನ್ನೂ ಹೋಗದ ಡ್ರಾಫ್ಟ್, ಔಟ್‌ಬಾಕ್ಸ್‌ನ ಪತ್ರ, ನೆಟ್ ಇಲ್ಲದಾಗ ಮಾಡಿದ ಡಿಲೀಟ್ ಇವು ಯಾವುವೂ ಕ್ಯಾಶ್ ಅಲ್ಲ. ಬೇರೆಲ್ಲೂ ನಕಲಿಲ್ಲ. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ಎಲ್ಲ ಒಂದೇ ಫೈಲಿನಲ್ಲಿತ್ತು. ರೈಲಿನಲ್ಲಿ ಕೂತು ಉದ್ದ ಪತ್ರ ಬರೆದಿಟ್ಟ ಒಬ್ಬರಿಗೆ ಮನೆ ಸೇರುವಷ್ಟರಲ್ಲಿ ಅದು ಇರಲಿಲ್ಲ. ಅವರಿಗೆ ಉತ್ತರ ಬರೆದವಳು ನಾನೇ. ಇವತ್ತಿಗೂ ಬೇಜಾರಾಗುತ್ತದೆ.

ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪ್‌ನಲ್ಲಿ ಪತ್ರಗಳ ಪಟ್ಟಿ ಎಂಎಸ್‌ಎಫ್ ಫೈಲಿನಲ್ಲಿ, ಪತ್ರಗಳು ಸಾಮಾನ್ಯವಾಗಿ ಪಕ್ಕದ ಎಂಬಾಕ್ಸ್ ಫೈಲಿನಲ್ಲಿ ಇರುತ್ತವೆ. 'ರಿಪೇರ್ ಫೋಲ್ಡರ್' ಒತ್ತಿದರೆ ಪಟ್ಟಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಪಾಪ್ (ಪತ್ರಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನ) ಖಾತೆಯಲ್ಲಿ ಸರ್ವರ್‌ನಿಂದ ಪತ್ರ ಅಳಿಸಿದ್ದರೆ ಆ ಎಂಬಾಕ್ಸೇ ಮೂಲ. ಅದನ್ನು ಮುಟ್ಟಬಾರದು.

ಶುದ್ಧ ಕ್ಯಾಶ್ ಆದರೂ ತಕ್ಷಣ ಅಳಿಸಬೇಡಿ. ಹೆಸರು ಬದಲಿಸಿ ಎತ್ತಿಡಿ, ಒಂದೇ ಒಂದು ಪ್ರತಿ ಸಾಕು. ತಪ್ಪು ಹುಡುಕಲು ಬೇಕಾಗುತ್ತದೆ. ಫೈಲನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ತೆರೆದೂ ನೋಡಿ.

ಪ್ರಶ್ನೆ ಕೇಳಿದವರು: ನೋಡಿದೆ ಮೇಡಂ. ಅರ್ಧಕ್ಕೆ ಕತ್ತರಿಸಿದರೆ ಈಗ ತೊಂದರೆ ಇಲ್ಲ. ಸೊನ್ನೆ ಬೈಟ್‌ನ ಫೈಲಿಗೆ ಕ್ರ್ಯಾಶ್ ಆಯ್ತು. ಅದನ್ನೂ ಸರಿಮಾಡಿದೆ. ಡ್ರಾಫ್ಟ್‌ಗಳಿಗೆ ಬೇರೆ ಫೈಲ್ ಮಾಡುತ್ತಿದ್ದೇನೆ.