‘ಮೆಯಾ ಕುಲ್ಪಾ’ ಅಂದ್ರೆ ಪಾಪವೋ, ಬರೀ ತಪ್ಪೋ?

ಅನುವಾದದ ಗುಮಾಸ್ತ: ಒಂದು ಕಥೆ ಅನುವಾದ ಮಾಡ್ತಿದ್ದೇನೆ. ಅದರಲ್ಲಿ ಮ್ಯಾನೇಜರ್ ಒಬ್ಬ ಬಿಲ್ ತಡವಾಗಿ ಕಳಿಸಿ ‘ಮೆಯಾ ಕುಲ್ಪಾ’ ಅಂತಾನೆ. ನಾನು ‘ಇದು ನನ್ನ ಪಾಪ’ ಎಂದು ಬರೆದೆ. ಸಂಪಾದಕರು ನಕ್ಕು ವಾಪಸ್ ಕಳಿಸಿದ್ದಾರೆ. ಲ್ಯಾಟಿನ್ ಬಲ್ಲವರು ಹೇಳಿ, ಕುಲ್ಪಾ ಅಂದ್ರೆ ಪಾಪ ಅಲ್ವಾ?

ಕಡಲತಡಿಯವ: ಪಾಪವೇ ಮಾರಾಯ್ರೆ. ಕ್ಯಾಥೊಲಿಕರ ಪಾಪನಿವೇದನೆಯ ಪ್ರಾರ್ಥನೆಯಲ್ಲಿ ಬರುವ ಮಾತು ಅದು. ಮೆಯಾ ಕುಲ್ಪಾ, ಮೆಯಾ ಕುಲ್ಪಾ, ಮೆಯಾ ಮಾಕ್ಸಿಮಾ ಕುಲ್ಪಾ. 1960ರ ದಶಕದವರೆಗೂ ಪೂಜೆ ಲ್ಯಾಟಿನ್‌ನಲ್ಲೇ ನಡೀತಿತ್ತು. ನಮ್ಮಜ್ಜಿಗೆ ಲ್ಯಾಟಿನ್ ಒಂದಕ್ಷರ ಬರ್ತಿರಲಿಲ್ಲ. ಆದರೆ ಈ ಸಾಲು ಬಂದರೆ ಮುಷ್ಟಿ ಕಟ್ಟಿ ಮೂರು ಸಲ ಎದೆ ಬಡಿದುಕೊಳ್ಳುತ್ತಿದ್ದರು. ಬಿಲ್ ತಡವಾದ್ದಕ್ಕೆ ಯಾರಾದ್ರೂ ಎದೆ ಬಡಿದುಕೊಳ್ತಾರಾ?

ಕರಿಕೋಟು: ಅದೇ ಪ್ರಾರ್ಥನೆಯನ್ನು ಸ್ವಲ್ಪ ಹಿಂದಿನಿಂದ ಓದಿ ಸರ್. ‘ಪೆಕ್ಕಾವಿ’ ಅಂತ ಮೊದಲೇ ಬರುತ್ತೆ. ಪಾಪ ಮಾಡಿದೆ ಅನ್ನೋ ಮಾತು ಅದು. ‘ಮೆಯಾ ಕುಲ್ಪಾ’ ಅಲ್ಲಿ ನಮ್ಮ ತೃತೀಯಾ ವಿಭಕ್ತಿಯ ಕೆಲಸ ಮಾಡುತ್ತೆ: ‘ನನ್ನ ತಪ್ಪಿನಿಂದ’. ಪಾಪ ಬೇರೆ, ಅದಕ್ಕೆ ಹೊಣೆ ಯಾರು ಅನ್ನೋದು ಬೇರೆ. ಕುಲ್ಪಾ ಹೊಣೆಯ ಪದ.

ರೋಮನ್ ಕಾನೂನಿನಲ್ಲಿ ಇದಕ್ಕೊಂದು ಮಜಾ ಪ್ರಕರಣ ಇದೆ. ಕ್ಷೌರಿಕನೊಬ್ಬ ಗುಲಾಮನಿಗೆ ಕ್ಷೌರ ಮಾಡ್ತಿದ್ದಾನೆ. ಪಕ್ಕದಲ್ಲಿ ಜನ ಚೆಂಡಾಟ ಆಡ್ತಿದ್ದಾರೆ. ಚೆಂಡು ಜೋರಾಗಿ ಬಂದು ಕ್ಷೌರಿಕನ ಕೈಗೆ ಬಡಿಯಿತು, ಕತ್ತಿ ಗುಲಾಮನ ಕುತ್ತಿಗೆ ಸೀಳಿತು. ಕುಲ್ಪಾ ಯಾರದ್ದು? ಪ್ರೊಕುಲಸ್ ಎಂಬ ನ್ಯಾಯವೇತ್ತ ಕ್ಷೌರಿಕನದ್ದೇ ಅಂದ. ಆಟ ಆಡೋ ಜಾಗದಲ್ಲಿ ಕುರ್ಚಿ ಹಾಕಿದ್ಯಾಕೆ? ಉಲ್ಪಿಯನ್ ಅನ್ನೋ ಮತ್ತೊಬ್ಬ ನ್ಯಾಯವೇತ್ತ ಇನ್ನೊಂದು ಮಾತು ಸೇರಿಸಿದ: ಅಂಥ ಜಾಗದಲ್ಲಿ ಕುರ್ಚಿ ಹಾಕಿದವನಿಗೆ ತಲೆ ಒಡ್ಡಿದವನು ತನ್ನನ್ನೇ ಬೈದುಕೊಳ್ಳಬೇಕು. ಇದೆಲ್ಲ ರೋಮನ್ ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಹೊರಡಿಸಿದ ಕಾನೂನು ಸಂಗ್ರಹದಲ್ಲಿದೆ. ಇಷ್ಟರಲ್ಲಿ ಪಾಪ ಎಲ್ಲಿದೆ ಹೇಳಿ?

ಕಡಲತಡಿಯವ: ಕುತ್ತಿಗೆ ಹೋದವನಿಗೇ ಬೈಗುಳವಾ! ವಕೀಲರ ಬುದ್ಧಿ ಆಗಲೂ ಹಾಗೇ ಇತ್ತು ಅನ್ನಿ. ಆದರೆ ಒಂದು ಪದದ ಅರ್ಥ ಕೋರ್ಟಿನಲ್ಲಿ ಮಾತ್ರ ಇರಲ್ಲ.

ಹಳೆ ಮೇಷ್ಟ್ರು: ನೀವಿಬ್ಬರೂ ‘ಪೆಕ್ಕಾರೆ’ (‘ಪೆಕ್ಕಾವಿ’ಯ ಮೂಲ ಕ್ರಿಯಾಪದ) ಅಂದರೆ ಪಾಪ ಅಂತಲೇ ಹಿಡ್ಕೊಂಡಿದ್ದೀರಿ. ಕ್ರೈಸ್ತರಿಗಿಂತ ಮುಂಚೆ ಅದೂ ಬರೀ ಎಡವಟ್ಟು. ಭಾಷೆ ತಪ್ಪಾಗಿ ಆಡಿದರೂ ಅದೇ ಕ್ರಿಯಾಪದ. ರೋಮನ್ ವಾಗ್ಮಿ ಸಿಸೆರೊ ಅದನ್ನು ಗೆರೆ ದಾಟೋದಕ್ಕೆ ಹೋಲಿಸಿದ್ದಾನೆ. ದಾಟಿದ ಮೇಲೆ ಎಷ್ಟು ದೂರ ಹೋದೆ ಅನ್ನೋದು ಲೆಕ್ಕಕ್ಕಿಲ್ಲ ಅನ್ನೋ ಸ್ಟೋಯಿಕ್ ತತ್ತ್ವಜ್ಞಾನಿಗಳ ವಾದ ಅದು. ‘ಕ್ರಿಮೆನ್’ ಕೂಡ ಮೊದಲು ಆರೋಪ ಅಷ್ಟೇ, ಅಪರಾಧ ಅನ್ನೋ ಅರ್ಥ ಆಮೇಲೆ ಬಂತು. ನಮ್ಮ ಟಿವಿ ಚಾನೆಲ್‌ಗಳಿಗೆ ಈಗಲೂ ಎರಡೂ ಒಂದೇ, ಬಿಡಿ.

ಸುಮ್ನೆ ಓದುಗಿ: ಹಾಗಾದ್ರೆ ‘ತೆಂಪ್ತಾತಿಯೊ’, ಇಂಗ್ಲಿಷಿನ ಟೆಂಪ್ಟೇಶನ್? ಕನ್ನಡ ಬೈಬಲ್‌ನಲ್ಲಿ ‘ಶೋಧನೆ’ ಅಂತಿದೆ. ಚಿಕ್ಕವಳಿದ್ದಾಗ ಅದನ್ನು ಓದಿ ಪೊಲೀಸರು ಮನೆ ಹುಡುಕೋ ಹಾಗೆ ಅಂದ್ಕೊಂಡಿದ್ದೆ. ಆಸೆ ಹುಟ್ಟಿಸೋದು ಅಂತ ಯಾಕೆ ಹಾಕಲಿಲ್ಲ?

ಹಳೆ ಮೇಷ್ಟ್ರು: ಆ ಅನುವಾದ ಚೆನ್ನಾಗಿಯೇ ಇದೆ ತಾಯಿ. ‘ತೆಂಪ್ತಾರೆ’ ಅಂದರೆ ಮುಟ್ಟಿ ನೋಡು, ಪರೀಕ್ಷಿಸು. ನಾಡಿ ಹಿಡಿದು ನೋಡೋದಕ್ಕೂ ಅದೇ ಪದ. ಆಸೆ ತೋರಿಸೋ ಅರ್ಥ ಅದರ ಮೇಲೆ ಕೂತಿದ್ದು.

ಕಡಲತಡಿಯವ: ಈ ಪದದ ಮೇಲೆ ರೋಮ್‌ನಲ್ಲೇ ಜಗಳ ಆಗಿದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮನ್ನು ಶೋಧನೆಯೊಳಗೆ ತರಬೇಡ’ ಅಂದರೆ ದೇವರೇ ಬೀಳಿಸಿದ ಹಾಗಾಗುತ್ತೆ, ಬೀಳೋದು ನಾನು ಅಂತ ಪೋಪ್ ಫ್ರಾನ್ಸಿಸ್ 2017ರಲ್ಲಿ ತಕರಾರು ತೆಗೆದರು. ಇಟಲಿಯ ಪೂಜೆಯಲ್ಲಿ 2020ರಿಂದ ‘ಶೋಧನೆಗೆ ನಮ್ಮನ್ನು ಬಿಟ್ಟುಕೊಡಬೇಡ’ ಅಂತ ಬದಲಾಯಿತು.

ಕರಿಕೋಟು: ಅಂದರೆ ಪೋಪ್ ಕೂಡ ಕೇಳಿದ್ದು ಹೊಣೆ ಯಾರದ್ದು ಅಂತಲೇ!

ಅನುವಾದದ ಗುಮಾಸ್ತ: ಸರಿ, ಮ್ಯಾನೇಜರ್ ಬಾಯಲ್ಲಿ ‘ತಪ್ಪು ನಂದೇ’ ಅಂತ ತಿದ್ದಿದೆ. ಸಂಪಾದಕರೂ ಒಪ್ಪಿದರು.

ಕಡಲತಡಿಯವ: ಮ್ಯಾನೇಜರ್‌ಗೆ ಅಷ್ಟು ಸಾಕು. ನಮ್ಮಜ್ಜಿ ಬಗ್ಗೆ ಬರೆಯೋವಾಗ ಮಾತ್ರ ನಾನು ಪಾಪ ಅಂತಲೇ ಬರೀತೇನೆ, ವಿಭಕ್ತಿ ಏನೇ ಇರಲಿ.