ಪಿಟಿ, ಎಪಿಟಿಟಿ ಎರಡೂ ನಾರ್ಮಲ್, ಹೊಕ್ಕುಳದ ರಕ್ತ ನಿಲ್ತಿಲ್ಲ: ಫ್ಯಾಕ್ಟರ್ 13 ಹೇಗೆ ನೋಡೋದು?

ಸಿಂಧನೂರು ಲ್ಯಾಬ್
12 ದಿನದ ಕೂಸು. ಬಳ್ಳಿ ಉದುರಿದಾಗಿನಿಂದ ರಕ್ತ ಜಿನುಗ್ತಾನೇ ಇದೆ. ರಕ್ತ ಹೆಪ್ಪುಗಟ್ಟೋ ಸಮಯ ಅಳೆಯೋ ಎರಡು ಪರೀಕ್ಷೆಗಳಲ್ಲಿ ಪಿಟಿ 13 ಸೆಕೆಂಡ್, ಎಪಿಟಿಟಿ 38, ಪ್ಲೇಟ್‌ಲೆಟ್, ಫೈಬ್ರಿನೋಜನ್ ಸರಿ ಇವೆ. ವಿಟಮಿನ್ ಕೆ ಕೊಟ್ಟಾಗಿದೆ. ತಂದೆ ಅಕ್ಕನ ಮಗಳನ್ನೇ ಮದುವೆಯಾದವರು, ಹಾಗಾಗಿ ಆನುವಂಶಿಕ ಕೊರತೆಯ ಅನುಮಾನ. ನಮ್ಮಲ್ಲಿ ಸೆಂಟ್ರಿಫ್ಯೂಜ್, ವಾಟರ್ ಬಾತ್ ಅಷ್ಟೇ. ಫ್ಯಾಕ್ಟರ್ 13 (ಹೆಪ್ಪನ್ನು ಗಟ್ಟಿ ಮಾಡೋ ರಕ್ತದ ಪ್ರೋಟೀನ್) ಪರೀಕ್ಷೆ ಇಲ್ಲೇ ಆಗುತ್ತೇನ್ರಿ, ಬೆಂಗಳೂರಿಗೇ ಕಳಿಸಬೇಕಾ?

ರಾಯಚೂರು ಪ್ಯಾಥಾಲಜಿ
ಸ್ಕ್ರೀನಿಂಗ್ ಅಲ್ಲೇ ಆಗುತ್ತೆ. ಮೊದಲು ಒಂದು ಮಾತು: ಎಫ್‌ಎಫ್‌ಪಿ (ದಾನಿ ರಕ್ತದ ಫ್ರೀಜ್ ಮಾಡಿದ ಪ್ಲಾಸ್ಮಾ, ಅಂದರೆ ರಕ್ತಕಣ ತೆಗೆದ ದ್ರವ), ಕ್ರಯೋ (ಆ ಪ್ಲಾಸ್ಮಾದಿಂದ ತೆಗೆದ ಗಸಿ) ಹಾಕೋಕೆ ಮುಂಚೆಯೇ ಸ್ಯಾಂಪಲ್ ತಗೊಳ್ಳಿ. ಹೊರಗಿಂದ ಕೊಟ್ಟ 13ರ ಅರ್ಧಾಯುಷ್ಯ 9ರಿಂದ 14 ದಿನ. ಒಮ್ಮೆ ಹಾಕಿದರೆ ಸುಮಾರು ಆರು ವಾರ ಕಾಯಬೇಕು. ಹಾಗಂತ ರಕ್ತ ಜೋರಾಗಿ ಹೋಗ್ತಿದ್ದರೆ ಸ್ಯಾಂಪಲ್ ತೆಗೆದು ಚಿಕಿತ್ಸೆ ಶುರು ಮಾಡಿ, ರಿಪೋರ್ಟ್‌ಗೆ ಕಾಯಬೇಡಿ.

ಪಿಟಿ, ಎಪಿಟಿಟಿ ಎರಡೂ ಹೆಪ್ಪು ಕಾಣಿಸಿದ ಕೂಡಲೇ ಮುಗಿದುಹೋಗುತ್ತವೆ. 13ರ ಕೆಲಸ ಅದಾದ ಮೇಲೆ: ಫೈಬ್ರಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯೋದು. ಬಿಗಿಯದ ಹೆಪ್ಪು 5 ಮೋಲಾರ್ ಯೂರಿಯಾದಲ್ಲಿ ಕರಗುತ್ತೆ.

30 ಗ್ರಾಂ ಯೂರಿಯಾ, ಡಿಸ್ಟಿಲ್ಡ್ ನೀರಲ್ಲಿ 100 ಮಿಲೀ. ಕರಗುವಾಗ ದ್ರಾವಣ ಕೊರೆಯುತ್ತೆ, ಕೋಣೆಯ ಉಷ್ಣತೆಗೆ ಬಂದ ಮೇಲೆ 100ರ ಗೆರೆ ಮುಟ್ಟಿಸಿ. ಎಆರ್ ಗ್ರೇಡ್ (ಲ್ಯಾಬ್‌ನ ಶುದ್ಧ ದರ್ಜೆ) ಬೇಕು, ಗೊಬ್ಬರದಂಗಡಿ ಯೂರಿಯಾ ಅಲ್ಲ ಮತ್ತೆ! ಕೂಸಿನ ಪ್ಲಾಸ್ಮಾ 0.2 ಮಿಲೀ, 0.025 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 0.2 ಮಿಲೀ, 37 ಡಿಗ್ರಿಯಲ್ಲಿ 30 ನಿಮಿಷ. ಟ್ಯೂಬನ್ನು ಮೆಲ್ಲಗೆ ತಟ್ಟಿ ಹೆಪ್ಪು ಬಿಡಿಸಿ, 5 ಮಿಲೀ ಯೂರಿಯಾಕ್ಕೆ ಜಾರಿಸಿ, 24 ಗಂಟೆ ನೋಡ್ತಾ ಇರಿ. 13 ತೀರಾ ಇಲ್ಲದಿದ್ದರೆ ಕೆಲವೇ ಗಂಟೆಯಲ್ಲಿ ಮಾಯವಾಗುತ್ತೆ.

ಸಿಂಧನೂರು ಲ್ಯಾಬ್
ಹೋಲಿಸಿ ನೋಡೋಕೆ ಕಂಟ್ರೋಲ್‌ಗೆ ಏನಿಡಲಿ ಸರ್?

ರಾಯಚೂರು ಪ್ಯಾಥಾಲಜಿ
ಎರಡು ಇಡಿ. ಆರೋಗ್ಯವಂತರ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ಬೆರೆಸೋದು) ಪ್ಲಾಸ್ಮಾ, ಇದು ಕರಗಬಾರದು. ಇನ್ನೊಂದು ಇಡಿಟಿಎ (ಕ್ಯಾಲ್ಸಿಯಂ ಹಿಡಿದಿಡೋ ರಾಸಾಯನಿಕ) ಪ್ಲಾಸ್ಮಾ, ಥ್ರಾಂಬಿನ್ ಹಾಕಿ ಹೆಪ್ಪುಗಟ್ಟಿಸಿದ್ದು. ಕ್ಯಾಲ್ಸಿಯಂ ಇಲ್ಲದೆ 13 ಕೆಲಸ ಮಾಡಲ್ಲ, ಹಾಗಾಗಿ ಇದು ಕರಗಲೇಬೇಕು. ಕರಗದಿದ್ದರೆ ನಿಮ್ಮ ಯೂರಿಯಾವನ್ನೇ ಅನುಮಾನಿಸಿ.

ಬಳ್ಳಾರಿ ಕೋಯಾಗ್ಯುಲೇಷನ್
ಮೇಲಿನದು ಸರಿ, ಆದರೆ ಈ ಪರೀಕ್ಷೆ ಹಿಡಿಯೋದು 13ರ ಮಟ್ಟ ಸುಮಾರು 5%ಗಿಂತ ಕೆಳಗಿಳಿದ ಕೊರತೆಯನ್ನು ಮಾತ್ರ. ಹೆಪ್ಪು ಕರಗಲಿಲ್ಲ ಅಂತ "13 ನಾರ್ಮಲ್" ಎಂದು ಬರೀಬೇಡಿ. ತಂದೆ-ತಾಯಿ ವಾಹಕರಾಗಿದ್ದರೂ ಅವರ ಹೆಪ್ಪು ಕರಗಲ್ಲ. ಹೇಗೇ ಬರಲಿ, ಆಕ್ಟಿವಿಟಿ ಅಸ್ಸೇ (13 ಎಷ್ಟು ಕೆಲಸ ಮಾಡುತ್ತೆ ಅಂತ ಅಳೆಯೋದು) ಆಗಲೇಬೇಕು. ಅಮೋನಿಯಾ ರಿಲೀಸ್ ವಿಧಾನವಾದರೆ (13 ಕೆಲಸ ಮಾಡುವಾಗ ಹೊರಬರೋ ಅಮೋನಿಯಾ ಅಳೆಯೋದು) ಪ್ಲಾಸ್ಮಾ ಬ್ಲ್ಯಾಂಕ್ (13ರಿಂದ ಬಾರದ ಅಮೋನಿಯಾದ ಲೆಕ್ಕ) ಕಳೀತಾರಾ ಅಂತ ಲ್ಯಾಬ್‌ನವರನ್ನು ಕೇಳಿ. ಕಳೆಯದಿದ್ದರೆ ಶೂನ್ಯ ಇರೋ ಕೂಸಿಗೂ ಒಂದಿಷ್ಟು ಇದೆ ಅಂತ ತೋರಿಸುತ್ತೆ.

ಕೂಸುಗಳ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಜಾಸ್ತಿ. 55 ದಾಟಿದ್ದರೆ ಸಿಟ್ರೇಟ್ ಕಡಿಮೆ ಮಾಡಿ: 60 ಇದ್ದಾಗ 1 ಮಿಲೀ ರಕ್ತಕ್ಕೆ 0.11 ಬದಲು 0.07 ಮಿಲೀ ಸಾಕು.

ಕಳಿಸುವಾಗ ಪ್ಲಾಸ್ಮಾ ಸೆಂಟ್ರಿಫ್ಯೂಜ್‌ನಲ್ಲಿ ಎರಡು ಸಲ ತಿರುಗಿಸಿ (1500 ಜಿ, 15 ನಿಮಿಷ), ಪ್ಲಾಸ್ಟಿಕ್ ವಯಲ್‌ಗೆ 0.5 ಮಿಲೀಯಂತೆ ಹಾಕಿ ಫ್ರೀಜ್ ಮಾಡಿ, ಡ್ರೈ ಐಸ್‌ನಲ್ಲೇ ಕಳಿಸಿ. ಐಸ್ ಪ್ಯಾಕ್ ಇಟ್ಟು ರಾತ್ರಿ ಬಸ್ಸಿಗೆ ಹಾಕಿದರೆ, ನಮ್ಮ ಕಡೆ ಬಿಸಿಲಿಗೆ, ದಾರಿಯಲ್ಲೇ ಅರ್ಧ ಕರಗುತ್ತೆ. ನಿಧಾನ ಕರಗಿದ ಪ್ಲಾಸ್ಮಾದಲ್ಲಿ ತಳಕ್ಕೆ ಬಿಳಿ ಗಸಿ ಕೂರುತ್ತೆ. ಅದೇ ಕ್ರಯೋ, 13 ಹೋಗಿ ಕೂರೋದು ಅದರಲ್ಲೇ. ಮೇಲಿನ ತಿಳಿ ತೆಗೆದು ಟೆಸ್ಟ್ ಮಾಡಿದರೆ ಇಲ್ಲದ ಕೊರತೆ ಕಾಣುತ್ತೆ. ಕರಗಿಸೋದು 37 ಡಿಗ್ರಿ ನೀರಲ್ಲಿ 5 ನಿಮಿಷ, ಆಮೇಲೆ ಮೆಲ್ಲಗೆ ತಿರುವಿ ಬೆರೆಸಬೇಕು.

ಡಾಕ್ಟರಿಗೂ ಹೇಳಿಬಿಡಿ: ರಿಪೋರ್ಟ್ ಬರೋವರೆಗೆ ತೊಡೆಗೆ ಸೂಜಿ ಚುಚ್ಚೋದು ಬೇಡ. ಕೂಸು ಮಂಕಾದರೆ, ವಾಂತಿ ಮಾಡಿದರೆ ತಕ್ಷಣ ತಲೆಯ ಸ್ಕ್ಯಾನ್. 13 ಇಲ್ಲದವರಲ್ಲಿ ಮೆದುಳಿನ ರಕ್ತಸ್ರಾವ ಹೆಚ್ಚು.