ಒಂಟಿತನ ಮನಸ್ಸನ್ನು ತಿನ್ನದಂತೆ ದಿನವೂ ನೀವು ಮಾಡುವುದೇನು? ಅನುಭವ ಹಂಚಿಕೊಳ್ಳಿ

ಪ್ರಶ್ನೆ:
ಕೆಲಸಕ್ಕಾಗಿ ಹೊಸ ಊರಿಗೆ ಬಂದು ಏಳು ತಿಂಗಳಾಯಿತು. ಕೆಲಸವೆಲ್ಲ ಮನೆಯಿಂದಲೇ. ಬೆಳಗಿನಿಂದ ಬಾಯಿಬಿಟ್ಟು ಒಂದು ಮಾತನ್ನೂ ಆಡಿಲ್ಲವೆಂಬುದು ಕೆಲವು ದಿನ ಸಂಜೆಯ ಹೊತ್ತಿಗೆ ನೆನಪಾಗುತ್ತದೆ. ರಾತ್ರಿ ಮೊಬೈಲ್ ಹಿಡಿದು ಮಲಗಿದರೆ ಎರಡು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ. ಹಳೆಯ ಗೆಳೆಯರ ಕರೆ ಬಂದರೂ ತೆಗೆಯಲು ಮನಸ್ಸಾಗುವುದಿಲ್ಲ. ಧ್ಯಾನ ಮಾಡಿ, ವ್ಯಾಯಾಮ ಮಾಡಿ ಎನ್ನುವ ಪಟ್ಟಿಗಳನ್ನು ಸಾಕಷ್ಟು ಓದಿದ್ದೇನೆ. ನೀವು ನಿಜವಾಗಿ ಮಾಡಿ, ಕೈಬಿಡದೆ ಉಳಿಸಿಕೊಂಡಿರುವುದು ಯಾವುದು ಎಂದು ತಿಳಿಸುವಿರಾ?

ಉತ್ತರ 1:
ಕರೆ ತೆಗೆಯಲು ಮನಸ್ಸಾಗುವುದಿಲ್ಲ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅಮ್ಮ ತೀರಿಕೊಂಡ ಮೇಲೆ ನಾನೂ ಹಾಗೆಯೇ ಆಗಿದ್ದೆ. ಮೊಬೈಲ್ ಅಂಗೈಯಲ್ಲೇ ಇರುತ್ತಿತ್ತು, ಗೆಳತಿಯ ಹೆಸರು ಕಾಣುತ್ತಿತ್ತು, ಅದು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡುತ್ತಾ ಕೂರುತ್ತಿದ್ದೆ. ನಿಂತಾಗ ಒಂದು ಕ್ಷಣ ಹಗುರ. ಮರುಕ್ಷಣವೇ ‘ನಾಳೆ ಏನು ಕಾರಣ ಹೇಳಲಿ’ ಎಂಬ ಭಾರ. ಎರಡು ದಿನದ ಮೌನಕ್ಕೆ ಕಾರಣ ಹೇಳಿಬಿಡಬಹುದು, ಎರಡು ತಿಂಗಳ ಮೌನಕ್ಕೆ ಏನೆಂದು ಹೇಳುವುದು? ಸಾಲಕ್ಕೆ ಬಡ್ಡಿ ಏರಿದಂತೆ ಸಂಕೋಚ ಏರುತ್ತಲೇ ಹೋಯಿತು.

ಅದನ್ನು ಮುರಿದದ್ದು ನಾನಲ್ಲ, ಅವಳು. ‘ಭಾನುವಾರ ಸಂಜೆ ಆರಕ್ಕೆ ನಾನು ಇಲ್ಲಿ ನಡೆಯಲು ಹೊರಡುತ್ತೇನೆ, ನೀನು ಅಲ್ಲಿ ಹೊರಡು. ಫೋನ್ ಕಿವಿಯಲ್ಲಿರಲಿ. ಮಾತು ಬೇಡವೆನಿಸಿದರೆ ಸುಮ್ಮನೆ ನಡೆಯೋಣ’ ಎಂದು ಬರೆದಳು. ಆ ಮೊದಲ ಭಾನುವಾರ ನಾವು ಆಡಿದ್ದು ಹತ್ತು ಮಾತೂ ಇರಲಿಕ್ಕಿಲ್ಲ. ಅವಳ ಕಡೆಯಿಂದ ಚಪ್ಪಲಿಯ ಸಪ್ಪಳ, ದೂರದಲ್ಲಿ ನಾಯಿ ಬೊಗಳಿದ್ದು, ಯಾವುದೋ ಗೇಟು ಕಿರುಗುಟ್ಟಿದ್ದು ಕೇಳಿಸುತ್ತಿತ್ತು. ಅಂದು ನನಗೆ ಅಷ್ಟೇ ಸಾಕಾಗಿತ್ತು. ಆ ನಡಿಗೆಗೆ ಈಗ ಮೂರು ವರ್ಷ.

ಮನಸ್ಸಾದಾಗ ಮಾಡುತ್ತೇನೆ ಎಂದು ಕಾದರೆ ಮನಸ್ಸು ಆಗುವುದೇ ಇಲ್ಲ. ಕುಗ್ಗಿದ ಮನಸ್ಸಿನಿಂದ ಮೊದಲು ಕಾಲ್ತೆಗೆಯುವುದೇ ಉತ್ಸಾಹ. ಅದು ಮರಳಲಿ ಎಂದು ಸುಮ್ಮನಿದ್ದಷ್ಟೂ ಮಾಡುವುದು ಕಡಿಮೆಯಾಗುತ್ತದೆ, ಮಾಡದಿದ್ದಷ್ಟೂ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ದಿನ ಮತ್ತು ಗಂಟೆಯನ್ನು ಗೊತ್ತುಮಾಡಿ, ಆ ಹೊತ್ತಿಗೆ ಇನ್ನೊಬ್ಬರು ನಿಮಗಾಗಿ ಕಾಯುತ್ತಿರುವಂತೆ ಮಾಡಿಕೊಳ್ಳಿ. ನಾನೊಬ್ಬಳೇ ಹೊರಡಬೇಕಾಗಿದ್ದರೆ ಎರಡನೆಯ ವಾರವೇ ಕೈಬಿಡುತ್ತಿದ್ದೆ.

ಉತ್ತರ 2:
ನನ್ನ ಮಟ್ಟಿಗೆ ನಿದ್ದೆ ಮೊದಲು, ಉಳಿದದ್ದೆಲ್ಲ ಆಮೇಲೆ. ಮಲಗುವ ಹೊತ್ತಿನೊಂದಿಗೆ ಗುದ್ದಾಡುವುದನ್ನು ಬಿಟ್ಟು ಏಳುವ ಹೊತ್ತನ್ನು ಗಟ್ಟಿಯಾಗಿ ಹಿಡಿದೆ: ರಜೆ ಇರಲಿ, ಇಲ್ಲದಿರಲಿ, ಆರೂವರೆ. ಎದ್ದ ಕೂಡಲೇ ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿ ನಿಲ್ಲುತ್ತೇನೆ. ದೇಹದ ಗಡಿಯಾರ ತನ್ನನ್ನು ಹೊಂದಿಸಿಕೊಳ್ಳುವುದು ಬಹುಮಟ್ಟಿಗೆ ಆ ಬೆಳಕಿನಿಂದಲೇ. ಎಬ್ಬಿಸಲು ಹಳೆಯ ಕಾಲದ ಅಲಾರಾಂ ಗಡಿಯಾರ ಇಟ್ಟುಕೊಂಡಿದ್ದೇನೆ. ಮೊಬೈಲ್ ರಾತ್ರಿಯಿಡೀ ಅಡುಗೆಮನೆಯಲ್ಲಿ. ಮಧ್ಯಾಹ್ನದ ನಂತರ ಕಾಫಿ ಬಿಟ್ಟೆ. ಕುಡಿದ ಕೆಫೀನ್‌ನ ಅರ್ಧದಷ್ಟು ಸುಮಾರು 5 ಗಂಟೆ ಕಳೆದರೂ ಮೈಯಲ್ಲೇ ಉಳಿದಿರುತ್ತದೆ.

ಉತ್ತರ 3:
ಹೊಸ ಊರಿಗೆ ಬಂದಾಗ ನಾನು ಆಪ್ತ ಗೆಳೆಯರನ್ನೇ ಹುಡುಕಹೊರಟೆ, ಸಿಗಲಿಲ್ಲ, ನೊಂದುಕೊಂಡೆ. ಕೊನೆಗೆ ಕೈಹಿಡಿದದ್ದು ಬರೀ ಮುಖಪರಿಚಯ. ಶನಿವಾರ ಹತ್ತು ಗಂಟೆಗೆ ಅದೇ ಗ್ರಂಥಾಲಯ, ಕಿಟಕಿಯ ಪಕ್ಕದ ಅದೇ ಮೇಜು. ಎರಡು ತಿಂಗಳು ತಲೆಯಾಡಿಸುವುದು, ನಗುವುದು, ಅಷ್ಟೇ. ಒಮ್ಮೆ ಜ್ವರ ಬಂದು ಒಂದು ಶನಿವಾರ ತಪ್ಪಿತು. ಮುಂದಿನ ವಾರ ಹೋದಾಗ ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದವರು ತಲೆಯೆತ್ತಿ, ‘ಹೋದ ವಾರ ಕಾಣಲೇ ಇಲ್ಲವಲ್ಲ?’ ಎಂದರು. ನಾನು ಬರದಿದ್ದುದನ್ನು ಗಮನಿಸಿದವರು ಆ ಊರಿನಲ್ಲಿ ಒಬ್ಬರಿದ್ದರು! ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು.

ಇದು ನನ್ನೊಬ್ಬನ ಭಾವುಕತೆಯಲ್ಲ. ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಷ್ಟಾಗಿ ಆಪ್ತರಲ್ಲದ ಪರಿಚಿತರೊಂದಿಗೆ ಹೆಚ್ಚು ಮಾತುಕತೆ ನಡೆದ ದಿನಗಳಲ್ಲಿ ಜನರು ಹೆಚ್ಚು ಸಂತೋಷದಿಂದಿದ್ದುದು ಕಂಡುಬಂದಿತು. ಮನೆಯಿಂದ ಕೆಲಸ ಮಾಡುವವರಿಗೆ ತಪ್ಪಿಹೋಗುವುದು ಇದೇ: ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಕಚೇರಿಯ ಬಾಗಿಲಲ್ಲಿ ತಾನಾಗಿ ಸಿಗುತ್ತಿದ್ದ ಎರಡು ಮಾತು. ತಾನಾಗಿ ಸಿಗದಿದ್ದರೆ ನಾವೇ ಎದ್ದು ಹೋಗಬೇಕು. ಒಂದೇ ಜಾಗ, ಒಂದೇ ಹೊತ್ತು ಇರಲಿ. ದಿನಕ್ಕೊಂದು ಜಾಗ ಸುತ್ತಿದರೆ ಯಾರ ಮುಖವೂ ಪರಿಚಯವಾಗುವುದಿಲ್ಲ.

ಉತ್ತರ 4:
ಮೊದಲ ಉತ್ತರ ಬರೆದವರ ಮಾತು ನಿಜ. ಆದರೆ ಮನಸ್ಸಾಗದಿದ್ದರೂ ಮಾಡಿ ಎನ್ನುವುದು ಒಂದು ಹಂತದ ತನಕ ಮಾತ್ರ ನಡೆಯುತ್ತದೆ. ನನಗೆ ಖಿನ್ನತೆ ಇದ್ದಾಗ ಗೋಡೆಗೆ ಅಂಟಿಸಿದ್ದ ಅಭ್ಯಾಸಗಳ ಪಟ್ಟಿಯನ್ನು ನೋಡುವುದಕ್ಕೇ ಭಯವಾಗುತ್ತಿತ್ತು. ಹಲ್ಲುಜ್ಜಿದರೆ ಅಂದಿನ ಶಕ್ತಿ ಮುಗಿದಂತೆ. ನಾನು ಸೋಮಾರಿ ಎಂದೇ ನಂಬಿದ್ದೆ, ಹಾಗಾಗಿ ವೈದ್ಯರ ಬಳಿ ಹೋಗುವುದು ತುಂಬಾ ತಡವಾಯಿತು. ಚಿಕಿತ್ಸೆ ಶುರುವಾಗಿ ಕೆಲವು ವಾರಗಳಾದ ಮೇಲೆಯೇ ನಡಿಗೆ, ಮಾತು ಎಲ್ಲವೂ ಕೈಗೆಟುಕಿದ್ದು. ದಯವಿಟ್ಟು ಇಷ್ಟು ನೆನಪಿಡಿ: ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕೂ ಮೀರಿ ಮುಂದುವರಿದರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಆ ಕೂಡಲೇ ಯಾರಿಗಾದರೂ ಹೇಳಿ, ನೆರವು ಪಡೆಯಿರಿ.

ಅಭ್ಯಾಸ ಒಂದು ದಿನ ತಪ್ಪಿತೆಂದು ಕೊರಗಬೇಡಿ. ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ಮೈಗೂಡಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನಗಳಷ್ಟು ಬೇಕಾದೀತು ಎಂದು ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಋಣಿ. ಮೊಬೈಲನ್ನು ನಿನ್ನೆ ರಾತ್ರಿ ಹೊರಗಿಟ್ಟು ಮಲಗಿದೆ. ಮೊದಲ ಉತ್ತರ ಬರೆದವರಿಗೆ ಒಂದು ಪ್ರಶ್ನೆ: ಮೂರು ತಿಂಗಳು ಉತ್ತರಿಸದ ಗೆಳೆಯನಿಗೆ ಏನೆಂದು ಬರೆಯಲಿ? ನಾಲ್ಕು ಸಲ ಬರೆದು ಅಳಿಸಿದೆ.

ಉತ್ತರ 1ನ್ನು ಬರೆದವರು:
ಚಿಕ್ಕದಾಗಿ ಬರೆಯಿರಿ, ನಿಜವನ್ನೇ ಬರೆಯಿರಿ. ವಿವರಿಸಲು ಹೊರಟರೆ ಅಳಿಸುತ್ತಲೇ ಇರುತ್ತೀರಿ. ನಾನು ಇನ್ನೊಬ್ಬ ಗೆಳತಿಗೆ ಬರೆದದ್ದು ಇಷ್ಟೇ: ‘ನಿನ್ನ ಕರೆಗಳನ್ನೆಲ್ಲ ನೋಡಿದೆ, ತೆಗೆಯುವ ಶಕ್ತಿ ಇರಲಿಲ್ಲ. ನಿನ್ನ ಮೇಲೆ ಬೇಸರವೇನೂ ಇಲ್ಲ. ಬುಧವಾರ ರಾತ್ರಿ ಎಂಟಕ್ಕೆ ನಾನೇ ಕರೆ ಮಾಡಲೇ?’ ದಿನ ಮತ್ತು ಹೊತ್ತನ್ನು ತಪ್ಪದೆ ಸೇರಿಸಿ. ‘ಯಾವಾಗಲಾದರೂ ಮಾತನಾಡೋಣ’ ಎಂದು ಬರೆದ ನನ್ನ ಎಷ್ಟೋ ಸಂದೇಶಗಳು ಅಲ್ಲಿಗೇ ನಿಂತುಹೋಗಿವೆ.